ಲೈಸೆನ್ಸ್ ಉಳಿಯಿತು, ಕೆಲಸ ಉಳಿಯಲಿಲ್ಲ: 2023ರ ಡಿ ಅಂಡ್ ಡಿ ಅಭಿಮಾನಿಗಳಿಂದ ಒಂದು ಪಾಠ

ನಮ್ಮ ಹಾಸ್ಟೆಲ್‌ನಲ್ಲಿ ಶನಿವಾರ ರಾತ್ರಿ ಊಟ ಆದಮೇಲೆ ಐದು ಜನ ಒಂದು ರೂಮಿನಲ್ಲಿ ಸೇರ್ತೀವಿ. ಇಪ್ಪತ್ತು ಮುಖದ ಒಂದು ದಾಳ, ನಾಲ್ಕು ಪೆನ್ಸಿಲ್, ಹಳೇ ಲ್ಯಾಬ್ ರೆಕಾರ್ಡಿನಲ್ಲಿ ಉಳಿದ ಖಾಲಿ ಹಾಳೆಗಳು, ಇಷ್ಟೇ ಸಾಮಾನು. ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್, ಚಿಕ್ಕದಾಗಿ ಡಿ ಅಂಡ್ ಡಿ. ಕಳೆದ ತಿಂಗಳು ಒಂದು ಶನಿವಾರ ಮಾತ್ರ ಆಟವೇ ನಡೀಲಿಲ್ಲ, ರಾತ್ರಿ ಒಂದೂವರೆವರೆಗೆ ಜಗಳ ನಡೀತು. ಈ ಆಟವನ್ನು ಪ್ರಕಟಿಸುವ ಕಂಪನಿ 2023ರ ಡಿಸೆಂಬರ್‌ನಲ್ಲಿ ಆಟ ಮಾಡಿದವರನ್ನೇ ಕೆಲಸದಿಂದ ತೆಗೆದಿತ್ತು ಅಂತ ನಮ್ಮಲ್ಲೊಬ್ಬ ಎಲ್ಲೋ ಓದಿಕೊಂಡು ಬಂದಿದ್ದ.

"ಹಂಗಾದ್ರೆ ನಾವು ಇದನ್ನ ಆಡಬಾರದು" ಅಂದ ಅವನು. "ಎಲ್ಲರೂ ಬಿಟ್ರೆ ಅಲ್ಲಿ ಉಳಿದವರ ಕೆಲಸಾನೂ ಹೋಗುತ್ತೆ" ಅಂದ ಇನ್ನೊಬ್ಬ. ಮೂರನೆಯವನು ಹೇಳಿದ್ದು ಎಲ್ಲರಿಗೂ ಚುಚ್ಚಿತು: "ನಾವು ಐದು ಜನ ಆ ಕಂಪನಿಗೆ ಇವತ್ತಿನವರೆಗೆ ಒಂದು ರೂಪಾಯಿ ಕೊಟ್ಟಿಲ್ಲ. ಫ್ರೀ ಪಿಡಿಎಫ್ ಇಟ್ಕೊಂಡು ಆಡ್ತಿದ್ದೀವಿ. ನಾವು ಬಿಟ್ರೆ ಅವರಿಗೇನು, ಹಿಡಿದ್ರೆ ಏನು?"

ಜಗಳ ಬಗೆಹರಿಯಲಿಲ್ಲ, ಹಾಗಾಗಿ ಓದೋಕೆ ಕೂತ್ವಿ. ಓದ್ತಾ ಹೋದಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಅದೇ ಅಭಿಮಾನಿಗಳು ಅದೇ ಕಂಪನಿಯ ಮೇಲೆ ಅದೇ ವರ್ಷ ಎರಡು ಸಲ ಸಿಟ್ಟಾಗಿದ್ದರು. ಜನವರಿಯಲ್ಲಿ ಸಿಟ್ಟಾದಾಗ ಮೂರು ವಾರದಲ್ಲಿ ಕಂಪನಿ ಪೂರ್ತಿ ಸೋತಿತು. ಡಿಸೆಂಬರ್‌ನಲ್ಲಿ ಸಿಟ್ಟಾದಾಗ ಕಂಪನಿಯ ತೀರ್ಮಾನ ಒಂದಿಂಚೂ ಕದಲಲಿಲ್ಲ. ಸಿಟ್ಟು ಎರಡೂ ಸಲ ನಿಜವಾದದ್ದೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಈ ಲೇಖನ ಆ ಒಂದೇ ಪ್ರಶ್ನೆಯ ಮೇಲೆ.

1. ಆಟ ಗೊತ್ತಿಲ್ಲದವರಿಗೆ

ಡಿ ಅಂಡ್ ಡಿ ಒಂದು ಟೇಬಲ್‌ಟಾಪ್ ರೋಲ್-ಪ್ಲೇಯಿಂಗ್ ಗೇಮ್. ಸ್ಕ್ರೀನ್ ಇಲ್ಲ, ಬೋರ್ಡ್ ಕೂಡ ಇರಲೇಬೇಕು ಅಂತಿಲ್ಲ. ಡಂಜನ್ ಮಾಸ್ಟರ್ ಅಂದ್ರೆ ಡಿಎಂ ಕಥೆ ಹೇಳ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿದು "ನಾನು ಈಗ ಹೀಗೆ ಮಾಡ್ತೀನಿ" ಅಂತಾರೆ. ಅದು ಆಯ್ತೋ ಇಲ್ವೋ ಅನ್ನೋದನ್ನು ದಾಳ ಹೇಳುತ್ತೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು 1974ರಲ್ಲಿ ಅಮೆರಿಕದಲ್ಲಿ ಹೊರತಂದರು. ಪ್ರಕಟಿಸಿದ್ದು ಟಿಎಸ್‌ಆರ್ ಅನ್ನೋ ಪುಟ್ಟ ಕಂಪನಿ. ಅದು ಸಾಲದಲ್ಲಿ ಮುಳುಗಿದಾಗ, 1997ರಲ್ಲಿ ಮ್ಯಾಜಿಕ್ ಕಾರ್ಡ್ ಆಟದಿಂದ ದುಡ್ಡು ಮಾಡಿದ್ದ ವಿಜರ್ಡ್ಸ್ ಆಫ್ ದ ಕೋಸ್ಟ್ ಕೊಂಡುಕೊಂಡಿತು. 1999ರಲ್ಲಿ ವಿಜರ್ಡ್ಸನ್ನು ಆಟಿಕೆ ಕಂಪನಿ ಹ್ಯಾಸ್ಬ್ರೊ ಸುಮಾರು 32.5 ಕೋಟಿ ಡಾಲರ್ ಕೊಟ್ಟು ಕೊಂಡಿತು.

ಈ ಸರಪಳಿ ನೆನಪಿಟ್ಟುಕೊಳ್ಳಿ: ಆಟ, ಅದರ ಮೇಲೆ ವಿಜರ್ಡ್ಸ್, ಅದರ ಮೇಲೆ ಹ್ಯಾಸ್ಬ್ರೊ. ಅಭಿಮಾನಿ ಪ್ರೀತಿಸೋದು ಕೆಳಗಿನದನ್ನು. ಲೇಆಫ್ ತೀರ್ಮಾನ ಆಗೋದು ಮೇಲಿನದರಲ್ಲಿ.

ಇನ್ನೊಂದು ವಿಷಯ. 2000ದಲ್ಲಿ ವಿಜರ್ಡ್ಸ್ ಈ ಆಟದ ಮೂಲ ನಿಯಮಗಳನ್ನು ಓಪನ್ ಗೇಮ್ ಲೈಸೆನ್ಸ್ ಅನ್ನೋದರ ಅಡಿ ಬಿಡುಗಡೆ ಮಾಡಿತ್ತು. ಇದರ ಐಡಿಯಾ ಬಂದದ್ದು ನಮಗೆ ಗೊತ್ತಿರೋ ಫ್ರೀ ಸಾಫ್ಟ್‌ವೇರ್ ಲೋಕದಿಂದ. ಯಾರು ಬೇಕಾದರೂ ಆ ನಿಯಮ ಬಳಸಿ ತಮ್ಮದೇ ಕಥೆ, ರಾಕ್ಷಸರು, ಪುಸ್ತಕ ಮಾಡಿ ಮಾರಬಹುದು, ಕಂಪನಿಗೆ ಪಾಲು ಕೊಡಬೇಕಿಲ್ಲ. ಇದನ್ನೇ ನಂಬಿ ಇಪ್ಪತ್ತು ವರ್ಷದಲ್ಲಿ ನೂರಾರು ಸಣ್ಣ ಪ್ರಕಾಶಕರು ಹುಟ್ಟಿಕೊಂಡರು.

2. ಜನವರಿ: 22 ದಿನದ ಜಗಳ

2023ರ ಜನವರಿ 5ರಂದು ಒಂದು ಸುದ್ದಿ ಹೊರಬಿತ್ತು. ವಿಜರ್ಡ್ಸ್ ಆ ಹಳೇ ಲೈಸೆನ್ಸನ್ನು ಬದಲಿಸೋಕೆ ಹೊರಟಿದೆ, ಅದರ ಕರಡು ಸೋರಿಕೆಯಾಗಿದೆ ಅಂತ. ಕರಡಿನ ಪ್ರಕಾರ ವರ್ಷಕ್ಕೆ 7.5 ಲಕ್ಷ ಡಾಲರ್‌ಗಿಂತ ಜಾಸ್ತಿ ವ್ಯಾಪಾರ ಮಾಡುವವರು ಅದರ ಮೇಲಿನ ಮೊತ್ತಕ್ಕೆ ಶೇ. 25ರವರೆಗೆ ರಾಯಲ್ಟಿ ಕಟ್ಟಬೇಕು. ಅದಕ್ಕಿಂತ ದೊಡ್ಡ ವಿಷಯ, ಹಳೇ ಲೈಸೆನ್ಸ್ ಇನ್ನು ಮಾನ್ಯ ಅಲ್ಲ.

ಅಭಿಮಾನಿಗಳು ಏನು ಮಾಡಿದರು? ವಿಜರ್ಡ್ಸ್ ಹಿಂದಿನ ವರ್ಷವಷ್ಟೇ ಸುಮಾರು 14.6 ಕೋಟಿ ಡಾಲರ್‌ಗೆ ಡಿ ಅಂಡ್ ಡಿ ಬಿಯಾಂಡ್ ಅನ್ನೋ ಡಿಜಿಟಲ್ ಸೇವೆಯನ್ನು ಕೊಂಡಿತ್ತು. ಅದು ಸಬ್‌ಸ್ಕ್ರಿಪ್ಷನ್ ಮೇಲೆ ನಡೆಯುವ ಸೇವೆ. ಜನ ಸಾಲಾಗಿ ತಮ್ಮ ಸಬ್‌ಸ್ಕ್ರಿಪ್ಷನ್ ರದ್ದು ಮಾಡತೊಡಗಿದರು. ಅದೇ ಹೊತ್ತಿಗೆ ಪ್ರತಿಸ್ಪರ್ಧಿ ಪೈಜೊ, ಯಾವ ಕಂಪನಿಯ ಕೈಯಲ್ಲೂ ಇರದ ಹೊಸ ಮುಕ್ತ ಲೈಸೆನ್ಸ್ ತರ್ತೀವಿ ಅಂತ ಘೋಷಿಸಿತು. ಕೋಬೋಲ್ಡ್ ಪ್ರೆಸ್ ತನ್ನದೇ ನಿಯಮಗಳ ಆಟ ಮಾಡ್ತೀವಿ ಅಂದಿತು. ಬೇಸತ್ತವರಿಗೆ ಹೋಗೋಕೆ ಜಾಗ ಸಿದ್ಧವಾಗಿತ್ತು.

ಕಂಪನಿ ಮೊದಲು ಸ್ವಲ್ಪ ಹಿಂದೆ ಸರಿಯಿತು, ಆಮೇಲೆ ತಿದ್ದಿದ ಕರಡು ಮುಂದಿಟ್ಟು ಅಭಿಪ್ರಾಯ ಕೇಳಿತು. 15,000ಕ್ಕಿಂತ ಹೆಚ್ಚು ಉತ್ತರ ಬಂದವು. ಅದರಲ್ಲಿ ಶೇ. 89 ಜನ ಹಳೇ ಲೈಸೆನ್ಸನ್ನು ಮುಟ್ಟೋದು ಒಪ್ಪಿಗೆ ಇಲ್ಲ ಅಂದಿದ್ದರು. ಜನವರಿ 27ರಂದು ವಿಜರ್ಡ್ಸ್ ಕೈಚೆಲ್ಲಿತು. ಹಳೇ ಲೈಸೆನ್ಸ್ ಹಾಗೇ ಇರುತ್ತೆ ಅಂದಿತು. ಅಷ್ಟೇ ಅಲ್ಲ, ಸುಮಾರು 400 ಪುಟದ ಮೂಲ ನಿಯಮಗಳ ಸಂಗ್ರಹವನ್ನು, ಅಂದ್ರೆ ಎಸ್‌ಆರ್‌ಡಿ 5.1 ಅನ್ನು, ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟುಕೊಟ್ಟಿತು. ಇದನ್ನು ಇನ್ನು ವಾಪಸ್ ತಗೊಳ್ಳೋಕೆ ಆಗಲ್ಲ. ಜನ ಕೇಳಿದ್ದಕ್ಕಿಂತ ಜಾಸ್ತಿ ಸಿಕ್ಕಿತು.

3. ಡಿಸೆಂಬರ್: ನಾಲ್ಕು ದಿನದ ಅಂತರ

ಈಗ ಹನ್ನೊಂದು ತಿಂಗಳು ಮುಂದೆ ಹೋಗೋಣ. ಡಿ ಅಂಡ್ ಡಿ ನಿಯಮಗಳ ಮೇಲೆ ಬೆಲ್ಜಿಯಂನ ಲ್ಯಾರಿಯನ್ ಸ್ಟುಡಿಯೋಸ್ ಮಾಡಿದ ವಿಡಿಯೋ ಗೇಮ್ ಬಾಲ್ಡರ್ಸ್ ಗೇಟ್ 3 ಆಗಸ್ಟ್‌ನಲ್ಲಿ ಬಂದು ಭರ್ಜರಿ ಹಿಟ್ ಆಗಿತ್ತು. ಡಿಸೆಂಬರ್ 7ರಂದು ಅದಕ್ಕೆ ದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಅತ್ಯುತ್ತಮ ಗೇಮ್ ಪ್ರಶಸ್ತಿ ಬಂತು. ನಾಲ್ಕು ದಿನ ಕಳೆದು, ಡಿಸೆಂಬರ್ 11ರಂದು, ಹ್ಯಾಸ್ಬ್ರೊ ಸಿಇಒ ಕ್ರಿಸ್ ಕಾಕ್ಸ್ ನೌಕರರಿಗೆ ಪತ್ರ ಬರೆದರು: ಇನ್ನೂ ಸುಮಾರು 1,100 ಕೆಲಸ ಹೋಗಲಿದೆ. "ಇನ್ನೂ" ಯಾಕೆ ಅಂದ್ರೆ ಅದೇ ವರ್ಷ ಆಗಲೇ 800 ಹೋಗಿದ್ದವು. 2022ರ ಕೊನೆಗೆ ಇಡೀ ಕಂಪನಿಯಲ್ಲಿದ್ದವರು ಸುಮಾರು 6,500 ಜನ. ಎರಡೂ ಸೇರಿಸಿ 1,900 ಅಂದರೆ ಸರಿಸುಮಾರು ಶೇ. 29.

ಕಂಪನಿ ಕೊಟ್ಟ ಕಾರಣ: ಮಾರುಕಟ್ಟೆ ನಾವು ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿದೆ, ಬೇಗ ಸುಧಾರಿಸೋ ಲಕ್ಷಣ ಇಲ್ಲ. ಇದು ಪೂರ್ತಿ ಸುಳ್ಳಲ್ಲ. ಕೋವಿಡ್ ಸಮಯದಲ್ಲಿ ಏರಿದ ಆಟಿಕೆ ಮಾರಾಟ ಆಮೇಲೆ ಇಳಿದಿತ್ತು. 2019ರಲ್ಲಿ ಸುಮಾರು 400 ಕೋಟಿ ಡಾಲರ್ ಸುರಿದು ಕೊಂಡಿದ್ದ ಇಒನ್ ಕಂಪನಿಯ ಸಿನಿಮಾ-ಟಿವಿ ವಿಭಾಗವನ್ನು ಹ್ಯಾಸ್ಬ್ರೊ ಆ ವರ್ಷ ಸುಮಾರು 50 ಕೋಟಿಗೆ ಲಯನ್ಸ್‌ಗೇಟ್‌ಗೆ ಮಾರಬೇಕಾಯ್ತು. ಇಡೀ ವರ್ಷಕ್ಕೆ ಕಂಪನಿ ತೋರಿಸಿದ ನಷ್ಟ ಸುಮಾರು 150 ಕೋಟಿ ಡಾಲರ್.

ಆದರೆ ಅಭಿಮಾನಿಗಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಇನ್ನೊಂದು ಲೆಕ್ಕ ನೋಡಿ. 2023ರ ಮೂರನೇ ತ್ರೈಮಾಸಿಕದಲ್ಲಿ ಹ್ಯಾಸ್ಬ್ರೊ ಆಟಿಕೆ ವಿಭಾಗದ ಆದಾಯ ಶೇ. 18 ಇಳಿದಿತ್ತು. ವಿಜರ್ಡ್ಸ್ ಮತ್ತು ಡಿಜಿಟಲ್ ಗೇಮ್ ವಿಭಾಗದ ಆದಾಯ ಶೇ. 40 ಏರಿತ್ತು. ಬಾಲ್ಡರ್ಸ್ ಗೇಟ್ 3 ಒಂದರಿಂದಲೇ ಆ ವರ್ಷ ಸುಮಾರು 9 ಕೋಟಿ ಡಾಲರ್ ಬಂತು ಅಂತ ಕಂಪನಿಯೇ ಆಮೇಲೆ ಹೇಳಿತು. ಹೀಗಿದ್ದೂ ಲೇಆಫ್ ವಿಜರ್ಡ್ಸ್ ಒಳಗೂ ಬಂತು. 2014ರ ಐದನೇ ಆವೃತ್ತಿಯ ವಿನ್ಯಾಸವನ್ನು ಜೆರೆಮಿ ಕ್ರಾಫರ್ಡ್ ಜೊತೆ ಮುನ್ನಡೆಸಿದ್ದ ಮೈಕ್ ಮರ್ಲ್ಸ್ ಕೂಡ ಹೊರಗೆ ಹೋದರು. ಈ ಆಟದ ಮೊದಲ ಮಾತುಕತೆಗೆ ನಮ್ಮ ಜೊತೆ ಕೂತಿದ್ದ ವಿಜರ್ಡ್ಸ್ ಜನರಲ್ಲಿ ಈಗ ಅಲ್ಲಿ ಹೆಚ್ಚುಕಡಿಮೆ ಯಾರೂ ಉಳಿದಿಲ್ಲ ಅಂತ ಲ್ಯಾರಿಯನ್ ಮುಖ್ಯಸ್ಥ ಸ್ವೆನ್ ವಿಂಕೆ ಬೇಸರದಿಂದ ಬರೆದರು. ಗೆದ್ದ ತಂಡಕ್ಕೇ ಶಿಕ್ಷೆ ಅನ್ನೋ ಭಾವನೆ ಎಲ್ಲರಲ್ಲೂ ಬಂತು.

4. ಅಭಿಮಾನಿಗಳು ಏನಂದರು

ಜನವರಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತಿತ್ತು. ಡಿಸೆಂಬರ್‌ನಲ್ಲಿ ಹಾಗಿರಲಿಲ್ಲ. ನಾವು ಓದಿದ್ದನ್ನೆಲ್ಲ ಗುಡ್ಡೆ ಹಾಕಿ ವಿಂಗಡಿಸಿದಾಗ ಐದು ಥರದ ಪ್ರತಿಕ್ರಿಯೆ ಸಿಕ್ಕವು.

ಮೊದಲನೆಯದು ಸಿಟ್ಟು. ಕ್ರಿಸ್‌ಮಸ್‌ಗೆ ಎರಡು ವಾರ ಇರುವಾಗ ಹೀಗಾ ಮಾಡೋದು, ಮೇಲಿನವರ ಸಂಬಳ ಕಡಿಮೆ ಆಯ್ತಾ ಅನ್ನೋ ಪ್ರಶ್ನೆಗಳು.

ಎರಡನೆಯದು "ಗೊತ್ತಿದ್ದದ್ದೇ ಬಿಡಿ" ಅನ್ನೋ ಹಳಬರ ನಿಟ್ಟುಸಿರು. 1996ರ ಡಿಸೆಂಬರ್‌ನಲ್ಲಿ ಟಿಎಸ್‌ಆರ್ ಹೀಗೇ ಜನರನ್ನು ತೆಗೆದಿತ್ತು. 2008ರ ಜೂನ್‌ನಲ್ಲಿ ನಾಲ್ಕನೇ ಆವೃತ್ತಿ ಬಂತು, ಅದೇ ಡಿಸೆಂಬರ್‌ನಲ್ಲಿ ವಿಜರ್ಡ್ಸ್‌ನಲ್ಲಿ ಲೇಆಫ್ ಆಯ್ತು. ಡಿಸೆಂಬರ್ ಬಂದ್ರೆ ಯಾರ ಹೆಸರು ಹೋಗುತ್ತೆ ಅಂತ ಕಾಯೋದು ಹಳೇ ಆಟಗಾರರಿಗೆ ಅಭ್ಯಾಸವೇ ಆಗಿಬಿಟ್ಟಿತ್ತು.

ಮೂರನೆಯದು ಬಹಿಷ್ಕಾರದ ಕರೆ: ಇನ್ನು ಒಂದು ಪುಸ್ತಕವೂ ಕೊಳ್ಳಬೇಡಿ.

ನಾಲ್ಕನೆಯದು ಅದಕ್ಕೆ ಪೂರ್ತಿ ಉಲ್ಟಾ: ಬಹಿಷ್ಕಾರ ಬೇಡ, ಮಾರಾಟ ಇಳಿದರೆ ಮುಂದಿನ ಪಟ್ಟಿಯಲ್ಲಿ ಉಳಿದವರ ಹೆಸರೇ ಬರೋದು.

ಐದನೆಯದು ಸದ್ದಿಲ್ಲದ ಕೆಲಸ. ಯಾರು ಯಾರು ಹೋದರು, ಅವರು ಯಾವ ಯಾವ ಪುಸ್ತಕ ಮಾಡಿದ್ದರು ಅಂತ ಪಟ್ಟಿ ಮಾಡೋದು, ಕೆಲಸ ಖಾಲಿ ಇರೋ ಕಡೆ ಅವರ ಹೆಸರು ತಲುಪಿಸೋದು.

ಒಂದು ಸಣ್ಣ ಗುಂಪು ಖುಷಿಯನ್ನೂ ಪಟ್ಟಿತು, ತಮಗೆ ಇಷ್ಟವಿಲ್ಲದ ನಿಯಮ ಬರೆದವರು ಹೋದರಲ್ಲ ಅಂತ. ಅದನ್ನು ನಾವು ಪ್ರತಿಕ್ರಿಯೆ ಅಂತ ಲೆಕ್ಕಕ್ಕೇ ಹಿಡಿದಿಲ್ಲ. ಆಟದ ನಿಯಮ ಇಷ್ಟ ಆಗದಿದ್ದರೆ ಬೇರೆ ನಿಯಮ ಬಳಸಬಹುದು, ಅದಕ್ಕೆ ಒಬ್ಬರ ಮನೆ ಬಾಡಿಗೆ ನಿಲ್ಲಬೇಕಿಲ್ಲ.

ಗಮನಿಸಿ, ಮೂರು ಮತ್ತು ನಾಲ್ಕು ಒಂದನ್ನೊಂದು ಹೊಡೆದುಹಾಕ್ತವೆ. ನಮ್ಮ ರೂಮಿನಲ್ಲಿ ಆದ ಜಗಳವೂ ಇದೇ. ಇಬ್ಬರೂ ಕೆಲಸ ಕಳೆದುಕೊಂಡವರ ಪರವಾಗಿಯೇ ಮಾತಾಡ್ತಿದ್ದಾರೆ, ಆದರೆ ಒಬ್ಬ ಎಡಕ್ಕೆ ಎಳೀತಾನೆ, ಇನ್ನೊಬ್ಬ ಬಲಕ್ಕೆ. ಫಿಸಿಕ್ಸ್ ಭಾಷೆಯಲ್ಲಿ ಹೇಳೋದಾದ್ರೆ ಬಲ ಎಷ್ಟಿದ್ದರೇನು, ನಿವ್ವಳ ಬಲ ಸೊನ್ನೆ.

5. ಹರ್ಷ್‌ಮನ್ ಮತ್ತು ಮೆಸ್ಸಿನ ಸಾಂಬಾರು

ಇದನ್ನು ಅರ್ಥ ಮಾಡಿಕೊಳ್ಳೋಕೆ ನಮಗೆ ತುಂಬ ಸಹಾಯ ಆದದ್ದು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಬರೆದ ಒಂದು ಸಣ್ಣ ಪುಸ್ತಕ: ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ. ಒಂದು ಸಂಸ್ಥೆ ಹದಗೆಡುತ್ತಿದೆ ಅಂತ ಅನ್ನಿಸಿದಾಗ ಗ್ರಾಹಕರ ಮುಂದೆ ಎರಡು ದಾರಿ ಇರುತ್ತೆ ಅಂತಾನೆ ಅವನು. ಒಂದು, ಬಿಟ್ಟುಹೋಗೋದು. ಎರಡು, ಅಲ್ಲೇ ಇದ್ದು ದನಿ ಎತ್ತೋದು. ನಿಷ್ಠೆ ಅನ್ನೋದು ಇವೆರಡರ ನಡುವೆ ಬ್ರೇಕ್ ಥರ ಕೆಲಸ ಮಾಡುತ್ತೆ, ಬಿಟ್ಟುಹೋಗೋದನ್ನು ತಡ ಮಾಡುತ್ತೆ, ಅಷ್ಟರಲ್ಲಿ ದನಿಗೆ ಒಂದು ಅವಕಾಶ ಸಿಗುತ್ತೆ.

ಅವನಿಗೆ ಈ ಯೋಚನೆ ಹುಟ್ಟಿದ್ದು ನೈಜೀರಿಯಾದ ರೈಲ್ವೆ ನೋಡಿ. ಅಲ್ಲಿ ಲಾರಿಗಳ ಪೈಪೋಟಿ ಬಂದರೂ ರೈಲು ಸುಧಾರಿಸಲಿಲ್ಲ. ಯಾಕಂದ್ರೆ ಜೋರಾಗಿ ದೂರು ಕೊಡಬಲ್ಲವರೆಲ್ಲ ಸುಮ್ಮನೆ ಲಾರಿಗೆ ಹೋಗಿಬಿಟ್ಟರು, ರೈಲಿಗೆ ಬೈಯೋಕೆ ಯಾರೂ ಉಳಿಯಲಿಲ್ಲ.

ಇದು ಹಾಸ್ಟೆಲ್‌ನಲ್ಲಿ ಇರೋರಿಗೆ ಹೊಸದಲ್ಲ. ಮೆಸ್ಸಿನ ಸಾಂಬಾರು ನೀರಾದಾಗ ಕೈಯಲ್ಲಿ ದುಡ್ಡಿರೋರು ಗೇಟಿನಾಚೆ ದರ್ಶಿನಿಗೆ ಹೋಗ್ತಾರೆ. ವಾರ್ಡನ್ ಮುಂದೆ ನಿಂತು ನಾಲ್ಕು ಮಾತಾಡೋ ಧೈರ್ಯ ಇದ್ದದ್ದೂ ಹೆಚ್ಚಾಗಿ ಅವರಿಗೇ. ಉಳಿದವರು ಉಪ್ಪಿನಕಾಯಿ ನೆಂಚಿಕೊಂಡು ಅದೇ ಸಾಂಬಾರು ಉಣ್ತಾರೆ. ಆದರೆ ಇಡೀ ಹಾಸ್ಟೆಲ್ ಒಟ್ಟಿಗೆ "ನಾಳೆಯಿಂದ ಯಾರೂ ಬರಲ್ಲ, ಸಾಂಬಾರು ಸರಿಯಾದ ದಿನ ವಾಪಸ್ ಬರ್ತೀವಿ" ಅಂದ್ರೆ ಮಾತೇ ಬೇರೆ. ಆಗ ಬಿಟ್ಟುಹೋಗೋದೇ ದನಿ ಆಗುತ್ತೆ.

ಜನವರಿಯಲ್ಲಿ ಆದದ್ದು ಇದು. ಬಿಟ್ಟುಹೋದವರು ಸುಮ್ಮನೆ ಹೋಗಲಿಲ್ಲ, ವಾಪಸ್ ಬರೋಕೆ ಷರತ್ತು ಹೇಳಿ ಹೋದರು.

ಈಗ ಉದಾಹರಣೆಯನ್ನು ಸ್ವಲ್ಪ ಬದಲಿಸಿ. ಸಾಂಬಾರು ಚೆನ್ನಾಗೇ ಇದೆ, ಆದರೆ ಮೆಸ್ ನಡೆಸುವವರು ಅಡುಗೆ ಭಟ್ಟರನ್ನು ಕೆಲಸದಿಂದ ತೆಗೆದರು. ನಮಗೆ ಸಿಟ್ಟು ಬಂತು, ಊಟ ಬಿಟ್ಟೆವು. ತಿಂಗಳ ಕೊನೆಗೆ ಲೆಕ್ಕ ನೋಡಿದ ಮಾಲೀಕ "ಜನ ಕಡಿಮೆ ಆಗಿದ್ದಾರೆ" ಅಂತ ಪಾತ್ರೆ ತೊಳೆಯೋರನ್ನೂ ತೆಗೀತಾನೆ. ನಾವು ಊಟ ಬಿಟ್ಟದ್ದು ಯಾಕೆ ಅನ್ನೋದು ಅವನ ಲೆಕ್ಕದ ಪುಸ್ತಕದಲ್ಲಿ ಬರೆದಿರಲ್ಲ. ಡಿಸೆಂಬರ್‌ನಲ್ಲಿ ಅಭಿಮಾನಿಗಳು ಸಿಕ್ಕಿಹಾಕಿಕೊಂಡದ್ದು ಇಲ್ಲಿ.

6. ಎರಡನ್ನೂ ಪಕ್ಕಪಕ್ಕ ಇಟ್ಟರೆ

ನಾವು ನಾಲ್ಕು ಪ್ರಶ್ನೆ ಮಾಡಿಕೊಂಡು ಎರಡೂ ಘಟನೆಗೆ ಹಾಕಿ ನೋಡಿದೆವು.

ಬೇಡಿಕೆ ಒಂದೇ ಸಾಲಿನಲ್ಲಿ ಹೇಳಬಹುದಾ? ಜನವರಿಯಲ್ಲಿ ಹೌದು: ಹಳೇ ಲೈಸೆನ್ಸ್ ಮುಟ್ಟಬೇಡಿ. ಡಿಸೆಂಬರ್‌ನಲ್ಲಿ ಏನು ಕೇಳೋದು? ಎಲ್ಲರನ್ನೂ ವಾಪಸ್ ತಗೊಳ್ಳಿ ಅಂತಲಾ, ಪರಿಹಾರ ಜಾಸ್ತಿ ಕೊಡಿ ಅಂತಲಾ, ಸಿಇಒ ಹೋಗಲಿ ಅಂತಲಾ? ಒಬ್ಬೊಬ್ಬರದು ಒಂದೊಂದು.

ತೀರ್ಮಾನ ವಾಪಸ್ ತಗೊಳ್ಳೋಕೆ ಕಂಪನಿಗೆ ಎಷ್ಟು ಖರ್ಚು? ಲೈಸೆನ್ಸ್ ಇನ್ನೂ ಕರಡಾಗಿತ್ತು, ಹರಿದು ಹಾಕಿದರೆ ಸ್ವಲ್ಪ ಮಾನ ಹೋಗುತ್ತೆ, ಅಷ್ಟೇ. ಅದರ ಜೊತೆಗೆ ಮಾರ್ಚ್ ಕೊನೆಗೆ ಡಿ ಅಂಡ್ ಡಿ ಸಿನಿಮಾ ಬಿಡುಗಡೆ ಇತ್ತು, ಜಗಳ ಎಳೆದಷ್ಟೂ ಅವರಿಗೇ ತೊಂದರೆ. ಲೇಆಫ್ ಹಾಗಲ್ಲ. ಅದನ್ನು ಷೇರುದಾರರಿಗೆ ಉಳಿತಾಯ ಅಂತ ಆಗಲೇ ತೋರಿಸಿ ಆಗಿತ್ತು.

ಒತ್ತಡ ಸರಿಯಾದ ಜಾಗಕ್ಕೆ ಬೀಳುತ್ತಾ? ಸಬ್‌ಸ್ಕ್ರಿಪ್ಷನ್ ರದ್ದಾದದ್ದು ನೇರವಾಗಿ ಲೈಸೆನ್ಸ್ ಬದಲಿಸೋಕೆ ಹೊರಟವರ ಮೇಜಿಗೆ ಹೋಯ್ತು. ಡಿಸೆಂಬರ್‌ನಲ್ಲಿ ಸಮಸ್ಯೆಯ ಮೂಲ ಆಟಿಕೆ ಮಾರಾಟ ಮತ್ತು ಇಒನ್ ನಷ್ಟ. ಆಟಗಾರರು ಒತ್ತಬಹುದಾಗಿದ್ದು ಲಾಭದಲ್ಲಿದ್ದ ವಿಜರ್ಡ್ಸನ್ನು ಮಾತ್ರ. ಗಾಯ ಒಂದು ಕಡೆ, ಒತ್ತೋಕೆ ಆಗೋದು ಇನ್ನೊಂದು ಕಡೆ.

ನಾಲ್ಕನೆಯದೇ ಮುಖ್ಯ: ಜಗಳದಲ್ಲಿ ನಾವು ಪಕ್ಷಗಾರರಾ? ಲೈಸೆನ್ಸ್ ಅಭಿಮಾನಿಗಳ ಮತ್ತು ಸಣ್ಣ ಪ್ರಕಾಶಕರ ಹಕ್ಕು, ಅವರು ತಮ್ಮದಕ್ಕಾಗಿ ತಾವೇ ಹೋರಾಡಿದರು. ಕೆಲಸ ನೌಕರರದು. ಆ ಮಾತುಕತೆಯ ಕೋಣೆಯಲ್ಲಿ ಅಭಿಮಾನಿಗೆ ಕುರ್ಚಿಯೇ ಇಲ್ಲ. ಅಣ್ಣಾವ್ರು ಅಭಿಮಾನಿಗಳನ್ನು ದೇವರು ಅಂತ ಕರೆದರು, ನಿಜ. ಆದರೆ ಈ ದೇವರ ಹತ್ತಿರ ಎಲ್ಲ ವರವೂ ಇರಲ್ಲ.

7. ಕುರ್ಚಿ ಇದ್ದಾಗ ಏನಾಗುತ್ತೆ: ಪೈಜೊ, 2021

ಹಾಗಾದರೆ ಕೆಲಸದ ವಿಷಯದಲ್ಲಿ ಅಭಿಮಾನಿಗಳು ಯಾವಾಗಲೂ ವೇಸ್ಟಾ? ಇಲ್ಲ. ಇದೇ ಗೇಮ್ ಲೋಕದಲ್ಲಿ ಎರಡು ವರ್ಷ ಮೊದಲು ಬೇರೆ ಥರ ನಡೆದಿತ್ತು.

ಪಾತ್‌ಫೈಂಡರ್ ಆಟದ ಪ್ರಕಾಶಕ ಪೈಜೊದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಕೆಲಸದ ವಾತಾವರಣ, ಸಂಬಳದ ಬಗ್ಗೆ ಹಳೇ ಹೊಸ ನೌಕರರು ಬಹಿರಂಗವಾಗಿ ಮಾತಾಡಿದರು. ಅಕ್ಟೋಬರ್ 14ರಂದು ನೌಕರರು ಯುನೈಟೆಡ್ ಪೈಜೊ ವರ್ಕರ್ಸ್ ಅನ್ನೋ ಯೂನಿಯನ್ ಘೋಷಿಸಿದರು. ಹೊರಗಿನಿಂದ ಪೈಜೊಗೆ ಬರೆದುಕೊಡುವ ಹಲವು ಫ್ರೀಲಾನ್ಸರ್‌ಗಳು ಬರೆಯೋದು ನಿಲ್ಲಿಸಿ ಅವರ ಜೊತೆ ನಿಂತರು. ಅಭಿಮಾನಿಗಳೂ ಬೆಂಬಲಕ್ಕೆ ಬಂದರು. ಅಕ್ಟೋಬರ್ 21ರಂದು, ಅಂದ್ರೆ ಒಂದೇ ವಾರದಲ್ಲಿ, ಕಂಪನಿ ತಾನಾಗಿಯೇ ಯೂನಿಯನ್ನನ್ನು ಮಾನ್ಯ ಮಾಡಿತು.

ಇಲ್ಲಿ ನಾಲ್ಕೂ ಪ್ರಶ್ನೆಗೆ ಉತ್ತರ ಇದೆ. ಬೇಡಿಕೆ ಒಂದೇ: ಯೂನಿಯನ್ ಒಪ್ಪಿಕೊಳ್ಳಿ. ಒಪ್ಪೋಕೆ ಒಂದು ಸಹಿ ಸಾಕು. ಒತ್ತಡ ಬಿದ್ದದ್ದು ನೇರ ಕಂಪನಿಯ ಮೇಲೆ. ಮುಂದೆ ನಿಂತವರು ಸ್ವತಃ ನೌಕರರು. ಅಭಿಮಾನಿಗಳು ತಾವೇ ಮೈಕ್ ಹಿಡಿಯಲಿಲ್ಲ, ಹಿಡಿದವರ ಹಿಂದೆ ನಿಂತರು. ಏನು ಮಾಡಬೇಕು, ಏನು ಮಾಡಬಾರದು ಅಂತ ಹೇಳೋಕೆ ಒಳಗಿನವರ ದನಿ ಒಂದಿತ್ತು. ವಿಜರ್ಡ್ಸ್ ಟೇಬಲ್‌ಟಾಪ್ ತಂಡದಲ್ಲಿ 2023ರ ಡಿಸೆಂಬರ್‌ನಲ್ಲಿ ಅಂಥ ಸಂಘಟಿತ ದನಿ ಇರಲಿಲ್ಲ. ಅದಕ್ಕೇ ಹೊರಗಿನವರು "ಬಹಿಷ್ಕರಿಸಿ", "ಬೇಡ" ಅಂತ ತಮ್ಮತಮ್ಮಲ್ಲೇ ಹೊಡೆದಾಡಿದರು.

ಯೂನಿಯನ್ ಇದ್ದರೆ ಲೇಆಫ್ ಆಗೋದೇ ಇಲ್ಲ ಅಂತ ನಾವು ಹೇಳ್ತಿಲ್ಲ. 150 ಕೋಟಿ ಡಾಲರ್ ನಷ್ಟವನ್ನು ಯಾವ ಯೂನಿಯನ್ನೂ ಮಾಯ ಮಾಡಲ್ಲ. ಆದರೆ ಯಾರನ್ನು, ಎಷ್ಟು ನೋಟಿಸ್ ಕೊಟ್ಟು, ಎಷ್ಟು ಪರಿಹಾರ ಕೊಟ್ಟು ಅನ್ನೋ ಪ್ರಶ್ನೆ ಕೇಳೋಕೆ ಒಂದು ಕುರ್ಚಿ ಇರುತ್ತೆ.

8. ಜನವರಿ ಡಿಸೆಂಬರ್‌ಗೆ ಕೊಟ್ಟದ್ದು

ಇಲ್ಲಿಗೆ ಲೇಖನ ಮುಗಿಸಿದ್ದರೆ ಅಭಿಮಾನಿಗಳು ಒಂದು ಗೆದ್ದರು, ಒಂದು ಸೋತರು, ಸಮ ಆಯ್ತು ಅಂತ ಆಗ್ತಿತ್ತು. ಆದರೆ ನಮ್ಮ ಡಿಎಂ ಒಂದು ವಿಷಯ ಎತ್ತಿ ತೋರಿಸಿದ, ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಗೇಮ್ ಡಿಸೈನರ್ ಒಬ್ಬರ ಕೆಲಸ ಹೋದಾಗ ಅವರ ಕೈಯಲ್ಲಿ ಏನು ಉಳಿಯುತ್ತೆ? ಹತ್ತು ಹದಿನೈದು ವರ್ಷ ಒಂದೇ ಆಟದ ನಿಯಮ ಬರೆದ ಅನುಭವ. ಆ ನಿಯಮ ಕಂಪನಿಯ ಬೀಗದಲ್ಲಿದ್ದರೆ ಆ ಅನುಭವವನ್ನು ಹೊರಗೆ ಮಾರೋದು ಕಷ್ಟ. ನಿಯಮ ಮುಕ್ತವಾಗಿದ್ದರೆ ನಾಳೆಯಿಂದಲೇ ತಮ್ಮ ಹೆಸರಿನಲ್ಲಿ ಪುಸ್ತಕ ಮಾಡಬಹುದು. ಪೈಜೊ ಹುಟ್ಟಿ ಬೆಳೆದದ್ದೂ ಹೀಗೇ. ವಿಜರ್ಡ್ಸ್‌ನಿಂದ ಹೊರಬಂದವರು 2002ರಲ್ಲಿ ಅದನ್ನು ಕಟ್ಟಿದರು. ಮೊದಲು ಡಿ ಅಂಡ್ ಡಿಯ ಪತ್ರಿಕೆಗಳನ್ನು ಗುತ್ತಿಗೆಗೆ ಪಡೆದು ನಡೆಸುತ್ತಿದ್ದರು. ಆ ಗುತ್ತಿಗೆ ತಪ್ಪಿದಮೇಲೆ ಅದೇ ಮುಕ್ತ ಲೈಸೆನ್ಸ್ ಹಿಡಿದು 2009ರಲ್ಲಿ ಪಾತ್‌ಫೈಂಡರ್ ನಿಯಮ ಪುಸ್ತಕ ತಂದರು.

ಅಂದ್ರೆ ಜನವರಿಯಲ್ಲಿ ಅಭಿಮಾನಿಗಳು ಉಳಿಸಿದ್ದು ಬರೀ ಒಂದು ಕಾಗದ ಅಲ್ಲ. ಡಿಸೆಂಬರ್‌ನಲ್ಲಿ ಹೊರಗೆ ಬಿದ್ದವರು ನಡೆಯೋಕೆ ಬೇಕಾದ ರಸ್ತೆಯನ್ನೇ ಅವರು ಗೊತ್ತಿಲ್ಲದೆ ಉಳಿಸಿದ್ದರು. ಕೆಲಸ ಹೋಗೋದನ್ನು ತಡೆಯೋಕೆ ಅವರಿಂದ ಆಗಲಿಲ್ಲ. ಕೆಲಸ ಹೋದಮೇಲೆ ವಿದ್ಯೆಯೂ ಹೋಗದ ಹಾಗೆ ನೋಡಿಕೊಂಡರು. ಮೇಲಿನ ಐದನೇ ಗುಂಪು, ಪಟ್ಟಿ ಮಾಡಿ ಹೆಸರು ತಲುಪಿಸಿದವರು, ಮಾಡಿದ್ದೂ ಇದೇ ಥರದ ಕೆಲಸ. ಮೆಚ್ಚುಗೆಯನ್ನು ಕಂಪನಿಯ ಲೋಗೋದಿಂದ ಬಿಡಿಸಿ ಮನುಷ್ಯರ ಹೆಸರಿಗೆ ಕಟ್ಟೋದು.

ನಮಗೆ ಸಿಕ್ಕ ಉತ್ತರ ಇಷ್ಟು: ಸಿಟ್ಟು ಎಷ್ಟಿದೆ ಅನ್ನೋದಕ್ಕಿಂತ, ಆ ಸಿಟ್ಟು ಹಿಡಿಯೋಕೆ ನಮ್ಮ ಕೈಗೆ ಯಾವ ಹಿಡಿಕೆ ಎಟಕುತ್ತೆ ಅನ್ನೋದು ಮುಖ್ಯ. ಎಟಕದ ಹಿಡಿಕೆಗೆ ಹಾರಿ ಹಾರಿ ಸುಸ್ತಾಗೋದಕ್ಕಿಂತ ಎಟಕೋದನ್ನು ಗಟ್ಟಿಯಾಗಿ ಹಿಡಿಯಬೇಕು.

9. ನಮ್ಮ ರೂಮಿಗೆ ವಾಪಸ್

ಮೂರನೆಯವನ ಪ್ರಶ್ನೆಗೆ ಈಗ ಉತ್ತರ ಇದೆ. ಒಂದು ರೂಪಾಯಿನೂ ಕೊಡದ ನಾವು ಬಿಟ್ಟುಹೋಗೋದಕ್ಕೆ ಅರ್ಥ ಇಲ್ಲ, ಒಳಗೆ ಹೋದವರು ತಾನೇ ಹೊರಗೆ ಬರೋದು. ಆದರೆ ನಮ್ಮ ಕೈಗೆ ಎಟಕೋ ಎರಡು ಕೆಲಸ ಇವೆ.

ಒಂದು ಸಣ್ಣದು. ಈಗ ಪ್ರತಿ ಶನಿವಾರ ಆಟ ಶುರು ಮಾಡೋ ಮುಂಚೆ ಆ ದಿನ ಬಳಸೋ ಪುಸ್ತಕದ ಕ್ರೆಡಿಟ್ಸ್ ಪುಟ ಓದ್ತೀವಿ. ಒಂದು ನಿಮಿಷ ಸಾಕು. ಮೊದಲ ವಾರ ನಗು ಬಂತು, ಯಾವುದೋ ಊರಿನ ಯಾರದೋ ಹೆಸರು, ಉಚ್ಚಾರಣೆಯೂ ಬರಲ್ಲ. ಎರಡನೇ ವಾರ ಯಾರೂ ನಗಲಿಲ್ಲ. ನಾವು ಆರು ತಿಂಗಳಿಂದ ಆಡ್ತಿರೋ ಆಟವನ್ನು ಇಷ್ಟು ಜನ ಕೂತು ಬರೆದಿದ್ದಾರೆ ಅಂತ ಅವತ್ತೇ ಗೊತ್ತಾದದ್ದು.

ಇನ್ನೊಂದು ದೊಡ್ಡದು, ಅದಕ್ಕೆ ಈ ಸಂಘದ ಸಹಾಯ ಬೇಕು. ಎಸ್‌ಆರ್‌ಡಿ ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಇರೋದರಿಂದ ಅದನ್ನು ಕನ್ನಡಕ್ಕೆ ತರೋಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮೂಲ ಯಾವುದು ಅಂತ ಹೇಳಿ, ನಾವು ಬದಲಿಸಿದ್ದೇವೆ ಅಂತ ತಿಳಿಸಬೇಕು. ಡಿ ಅಂಡ್ ಡಿ ಅನ್ನೋ ಹೆಸರು ಟ್ರೇಡ್‌ಮಾರ್ಕ್, ಅದನ್ನೇ ನಮ್ಮ ಪುಸ್ತಕದ ಹೆಸರು ಮಾಡೋ ಹಾಗಿಲ್ಲ, ಅಷ್ಟೇ. 2025ರಲ್ಲಿ ಬಂದ ಹೊಸ ಸಂಗ್ರಹ 5.2 ಕೂಡ ಇದೇ ಲೈಸೆನ್ಸ್ ಅಡಿ ಇದೆ. ಮೊದಲ ಇಪ್ಪತ್ತು ಪುಟ ಮಾಡಿ ನೋಡೋಣ ಅಂತ ಹೊರಟಿದ್ದೀವಿ. "ಸೇವಿಂಗ್ ಥ್ರೋ" ಅನ್ನೋದಕ್ಕೆ ಕನ್ನಡದಲ್ಲಿ ಏನು ಅಂತ ಎರಡು ವಾರದಿಂದ ಕಿತ್ತಾಟ ನಡೀತಿದೆ.

ಒಂದು ವಿಷಯ ಮಾತ್ರ ಕಾಡುತ್ತೆ. ಆ ಲೈಸೆನ್ಸ್ ಪ್ರಕಾರ ನಾವು ಹಾಕಬೇಕಾದ ಸಾಲಿನಲ್ಲಿ ಕಂಪನಿಯ ಹೆಸರಿದೆ, ಬರೆದವರ ಹೆಸರಿಲ್ಲ. ಆ ಸಾಲು ಹಾಕ್ತೀವಿ. ಅದರ ಕೆಳಗೆ ನಿಯಮ ಬರೆದವರ ಹೆಸರುಗಳನ್ನೂ ಹಾಕ್ತೀವಿ. ಇನ್ನೆರಡು ವರ್ಷಕ್ಕೆ ನಾವೂ ಯಾವುದೋ ಕಂಪನಿಯ ಯಾವುದೋ ಕೋಡಿನಲ್ಲಿ ಹೆಸರಿಲ್ಲದೆ ಸೇರಿಕೊಂಡಿರ್ತೀವಿ. ಆಗ ನಮ್ಮ ಹೆಸರನ್ನೂ ಯಾರಾದರೂ ಒಂದು ನಿಮಿಷ ಓದಲಿ ಅನ್ನಿಸುತ್ತೆ.

ಚರ್ಚೆಗೆ ಮೂರು ಪ್ರಶ್ನೆ

1. ಮೇಲಿನ ನಾಲ್ಕು ಪ್ರಶ್ನೆಗಳನ್ನು ನಿಮಗೆ ಗೊತ್ತಿರುವ ಇನ್ನೊಂದು ಬಹಿಷ್ಕಾರಕ್ಕೆ ಹಾಕಿ ನೋಡಿ. ಗೆದ್ದದ್ದಾ, ಸೋತದ್ದಾ? ಯಾವ ಪ್ರಶ್ನೆಯಲ್ಲಿ ಸಿಕ್ಕಿಬಿತ್ತು?

2. ಲಾಭದಲ್ಲಿರುವ ವಿಭಾಗದಿಂದ ಜನರನ್ನು ತೆಗೆದು ನಷ್ಟದ ವಿಭಾಗದ ಹೊರೆ ಇಳಿಸೋದು ನ್ಯಾಯವಾ? ಹ್ಯಾಸ್ಬ್ರೊ ಸಿಇಒ ಕುರ್ಚಿಯಲ್ಲಿ ನೀವಿದ್ದರೆ ಆ 1,100 ಹೇಗೆ ಲೆಕ್ಕ ಹಾಕ್ತಿದ್ರಿ?

3. "ಸೇವಿಂಗ್ ಥ್ರೋ"ಗೆ ಕನ್ನಡ ಏನು?

ಉತ್ತರ ಇದ್ದವರು ಶನಿವಾರ ಊಟ ಆದಮೇಲೆ ಬನ್ನಿ. ದಾಳ ಒಂದೇ ಇದೆ, ಉಳಿದದ್ದಕ್ಕೆ ಫೋನಿನ ಆಪ್ ಬಳಸ್ತಿದ್ದೀವಿ. ಯಾರ ಹತ್ರ ಆದರೂ ಆರು ಮುಖದ್ದು ಇದ್ದರೆ ಜೊತೆಗೆ ತನ್ನಿ.